ಸೋಮವಾರದ ನೀರು

ಹೋದ ತಿಂಗಳು ಕಗ್ಗದಾಸಪುರದಲ್ಲಿ ನಮ್ಮ ಭಾವನ ಮಗಳ ಕೂಸಿಗೆ ಹೆಸರಿಡುವ ಕಾರ್ಯವಿತ್ತು. ಊಟಕ್ಕೆ ಕೂರುವ ಮುಂಚೆ ಬಾಯಾರಿಕೆಯಾಗಿ ಅಡುಗೆಮನೆಗೆ ಹೋದೆ. ಮೂಲೆಯಲ್ಲಿ ನಲ್ಲಿ ಕೂರಿಸಿದ ದೊಡ್ಡ ಮಣ್ಣಿನ ಹೂಜಿ. ಲೋಟ ಹಿಡಿಯುವುದು ಬಿಟ್ಟು ನಾನು ಮುಚ್ಚಳ ತೆಗೆದೆ, ತೋರುಬೆರಳನ್ನು ಒಳಗೆ ಬಿಟ್ಟು ಗೋಡೆಯ ಮೇಲೆ ಒಂದು ಸಲ ಎಳೆದೆ. ಬೆರಳು ಜಾರಿತು. ತಿರುಗಿ ನೋಡಿದರೆ ಮನೆಯಾಕೆಯೇ ಬಾಗಿಲಲ್ಲಿ ನಿಂತಿದ್ದಾಳೆ.

"ಏನ್ ಕಾಕಿ, ನಮ್ಮನಿ ನೀರಿನ ಮ್ಯಾಲೂ ಡೌಟಾ?" ಅಂದಳು. ನಗುತ್ತಲೇ ಅಂದಳು, ಆದರೆ ಮುಖ ಸಣ್ಣದಾಗಿತ್ತು. ಹಿಂದಿನಿಂದ ನನ್ನ ಯಜಮಾನರು, "ಆಕಿಗೆ ತನ್ನ ನೆರಳಿನ ಮ್ಯಾಲೂ ಡೌಟೇ, ನೀ ಬ್ಯಾಸರ ಮಾಡ್ಕೋಬ್ಯಾಡ" ಎಂದು ಮಾತು ತೇಲಿಸಿದರು. ಎಲ್ಲರೂ ನಕ್ಕರು. ನಾನು ಬೆರಳನ್ನು ಸೆರಗಿಗೆ ಒರೆಸಿಕೊಂಡೆ. ಆದರೆ ಆ ಜಾರು ಬೆರಳ ತುದಿಯಲ್ಲೇ ಉಳಿದುಬಿಟ್ಟಿತು. ಅದರ ಜೊತೆಗೆ, ಆ ಅಡುಗೆಮನೆಯಲ್ಲಿ ಇರಲು ಸಾಧ್ಯವೇ ಇಲ್ಲದ ಒಂದು ವಾಸನೆ, ಲ್ಯಾಬಿನ ಬಾಟಲಿಗಳ ಬಾಯಿಗೆ ತುರುಕಿ ಹಬೆಯಲ್ಲಿ ಬೇಯಿಸುತ್ತಿದ್ದ ಹತ್ತಿಯ ವಾಸನೆ, ಮೂಗಿಗೆ ಬಂತು.

ಅನುಮಾನ ನನಗೆ ಹುಟ್ಟಿನಿಂದಲೇ ಬಂದದ್ದು ಎಂದು ನಮ್ಮವರೆಲ್ಲ ನಂಬಿದ್ದಾರೆ. ಅದು ಅರ್ಧ ನಿಜ. ಬೆರಳು ಹಾಕಿ ನೋಡುವುದು ಮಾತ್ರ ನಾನು ಎರಡು ಸಾವಿರದ ಎರಡನೇ ಇಸವಿಯ ಮಳೆಗಾಲದಲ್ಲಿ, ಗರುಡಾಚಾರ್‌ಪಾಳ್ಯದಲ್ಲಿ, ಗಾಜಿನ ಬಾಟಲಿ ತೊಳೆಯುತ್ತಿದ್ದ ಒಬ್ಬ ಹೆಂಗಸಿನಿಂದ ಕಲಿತದ್ದು. ಅದನ್ನು ಕಲಿಯುವುದಕ್ಕೆ ಮೊದಲು ಅವರ ಕೆಲಸ ಕಳೆದಿದ್ದೆ.

ಗರುಡಾಚಾರ್‌ಪಾಳ್ಯದಲ್ಲಿ ಆಗ ಗಾಜಿನ ಕಟ್ಟಡಗಳು ಇನ್ನೂ ಎದ್ದಿರಲಿಲ್ಲ. ಶೆಡ್ಡುಗಳು, ಲಾರಿಗಳು, ಕೆಸರು. ನಮ್ಮ ಲ್ಯಾಬು ಅಂಥ ಒಂದು ಶೆಡ್ಡಿನ ಮಹಡಿಯ ಮೇಲಿತ್ತು. ಕೆಳಗೆ ರಟ್ಟಿನ ಪೆಟ್ಟಿಗೆ ಮಾಡುತ್ತಿದ್ದರು, ಬೆಳಿಗ್ಗೆಯೆಲ್ಲ ಅಂಟಿನ ವಾಸನೆ ಮೆಟ್ಟಿಲು ಹತ್ತಿ ಬರುತ್ತಿತ್ತು. ಲ್ಯಾಬಿನ ಯಜಮಾನರನ್ನು ನಾವು ಡಾಕ್ಟರು ಎನ್ನುತ್ತಿದ್ದೆವು. ರೋಗಿ ನೋಡುವ ಡಾಕ್ಟರಲ್ಲ, ರಸಾಯನಶಾಸ್ತ್ರದವರು. ಗಿಡಮೂಲಿಕೆಗಳ ಸಾರ ತೆಗೆದು ಔಷಧಿ ಕಂಪನಿಗಳಿಗೆ ಪರೀಕ್ಷೆ ಮಾಡಿಕೊಡುವುದು ಅವರ ಕಸುಬು. ಆ ವರ್ಷ ಒಂದು ಕಂಪನಿ, ತನ್ನ ಬೇರಿನ ಸಾರ ಉರಿಯೂತವನ್ನು ತಗ್ಗಿಸುತ್ತದೆಯೇ ಎಂದು ಜೀವಕೋಶಗಳ ಮೇಲೆ ಪರೀಕ್ಷಿಸಿ ಹೇಳಿ ಎಂದು ಕೇಳಿತ್ತು. ಜೀವಕೋಶದ ಕೆಲಸ ಗೊತ್ತಿದ್ದವಳು ಆ ಮಹಡಿಯಲ್ಲಿ ನಾನೊಬ್ಬಳೇ. ಗುಲ್ಬರ್ಗದಲ್ಲಿ ಎಂ.ಎಸ್ಸಿ. ಮುಗಿಸಿ ಬಂದು ವರ್ಷವಾಗಿತ್ತು. ಆ ಹೆಮ್ಮೆ ತಲೆಗೆ ಏರಿತ್ತು ಎಂದು ಈಗ ಒಪ್ಪಿಕೊಳ್ಳಲು ಅಡ್ಡಿಯಿಲ್ಲ.

ನಮ್ಮೂರು ಲಿಂಗಸೂಗೂರಿನ ಕಡೆ. ಬೇಸಿಗೆಯಲ್ಲಿ ನಾಲ್ಕು ಕೊಡ ನೀರಿಗೆ ಅರ್ಧ ದಿನ ಹೋಗುತ್ತಿದ್ದ ಊರು. ನಮ್ಮವ್ವ ಕೊಡದ ತಳ ಕಾಣಲು ಬಿಡುತ್ತಿರಲಿಲ್ಲ. ಹಳೆಯ ನೀರಿನ ಮೇಲೆಯೇ ಹೊಸ ನೀರು ಹಾಕಬೇಕು. "ಇದ್ದ ನೀರ ಚೆಲ್ಲಾಕ ಕೈಯಾರ ಹ್ಯಾಂಗ ಬರ್ತದ?" ಎನ್ನುವಳು. ಕಗ್ಗದಾಸಪುರದ ರೈಲ್ವೆ ಗೇಟಿನ ಹತ್ತಿರ ಬಾಡಿಗೆ ಕೋಣೆ ಹಿಡಿದಾಗ ನಾನೂ ಹಾಗೆಯೇ ಇದ್ದೆ. ದಿನ ಬಿಟ್ಟು ದಿನ ನಲ್ಲಿ ಬರುತ್ತಿತ್ತು, ಎರಡು ಬಿಂದಿಗೆ ಬಾಯಿಮಟ್ಟ ತುಂಬಿಸಿ ಮುಚ್ಚಿಟ್ಟರೆ ನನಗೆ ನೆಮ್ಮದಿ.

ಲ್ಯಾಬಿನಲ್ಲಿ ಗಾಜು ತೊಳೆಯುತ್ತಿದ್ದವರು ಅಂತೋಣಿಯಮ್ಮ. ಹಲಸೂರಿನವರು, ಐವತ್ತರ ಹತ್ತಿರದ ವಯಸ್ಸು, ಮನೆಮಾತು ತಮಿಳು. ಟಿನ್ ಫ್ಯಾಕ್ಟರಿ ಸ್ಟಾಪಿನಲ್ಲಿ ಬಸ್ಸು ಬದಲಿಸಿ ಬಂದು ನಮಗಿಂತ ಮೊದಲು ಬಾಗಿಲಲ್ಲಿ ನಿಂತಿರುತ್ತಿದ್ದರು. ಕೊರಳಲ್ಲಿ ಜಪಸರ, ಅದರ ಮೇಲೆ ಲ್ಯಾಬಿನ ಗುರುತಿನ ಚೀಟಿ, ಫೋಟೋ ಇರುವಂಥದ್ದು. ನಾವೆಲ್ಲ ಆ ಚೀಟಿಯನ್ನು ಚೀಲದೊಳಗೆ ತುರುಕಿರುತ್ತಿದ್ದೆವು. ಅವರು ಮಾತ್ರ ಬಸ್ಸಿನಲ್ಲೂ ಅದನ್ನು ಸೆರಗಿನ ಮೇಲೆ ಕಾಣುವಂತೆ ಬಿಟ್ಟುಕೊಳ್ಳುತ್ತಿದ್ದರು. ಆರು ವರ್ಷ ಹಾಗೆ ಬಂದವರು.

ಜೂನ್ ಮೊದಲ ವಾರದ ಒಂದು ಸೋಮವಾರ ಸಿಂಕಿನ ಕಡೆಯಿಂದ ಧೋ ಎಂದು ಸದ್ದು ಬಂತು. ಹೋಗಿ ನೋಡಿದರೆ ಅಂತೋಣಿಯಮ್ಮ ಬಟ್ಟಿ ಇಳಿಸಿದ ನೀರಿನ ಕ್ಯಾನನ್ನು ಎತ್ತಿ ಬೋರಲು ಹಾಕಿ ಚರಂಡಿಗೆ ಸುರಿಯುತ್ತಿದ್ದಾರೆ. ಅಗಲ ಬಾಯಿಯ ಇಪ್ಪತ್ತು ಲೀಟರಿನ ಕ್ಯಾನು. ಅರ್ಧಕ್ಕಿಂತ ಹೆಚ್ಚೇ ನೀರಿತ್ತು. ಹನಿ ಹನಿಯಾಗಿ ಬಟ್ಟಿ ಇಳಿದ ನೀರು ಅದು. ಲ್ಯಾಬಿಗೆ ಟ್ಯಾಂಕರ್ ನೀರು ಬರುತ್ತಿದ್ದ ಕಾಲ.

"ಇದೇನ್ರೀ ಮಾಡ್ತಿದೀರ?"

"ಸೋಮವಾರ ಅಲ್ವಾ ಮಾ. ಹಳೇದು ಚೆಲ್ಲಿ, ಉಜ್ಜಿ, ಹೊಸಾದು ಹಿಡೀತೀನಿ."

"ಯಾರು ಹೇಳಿದ್ದು ಹಾಗೆ ಮಾಡೋಕೆ?"

"ಯಾರೂ ಹೇಳ್ಳಿಲ್ಲ. ಜಾರುತ್ತೆ ಮಾ."

ಏನು ಜಾರುತ್ತದೆ ಎಂದು ನಾನು ಕೇಳಲಿಲ್ಲ. ಕೆಲಸ ಮಾಡಿದಂತೆ ಕಾಣಿಸಿಕೊಳ್ಳಲು ಆಳುಗಳು ಹೀಗೆಲ್ಲ ಮಾಡುತ್ತಾರೆ ಎಂದುಕೊಂಡೆ. ಅದನ್ನೇ ಬರೆಯುತ್ತಿದ್ದೇನೆ, ಮುಚ್ಚಿಡುವುದೇಕೆ. "ಇನ್ಮೇಲೆ ಕ್ಯಾನ್ ನಾನೇ ನೋಡ್ಕೋತೀನಿ, ನೀವು ಗಾಜು ತೊಳೆದ್ರೆ ಸಾಕು" ಎಂದೆ. ಅವರು ನನ್ನ ಮುಖ ನೋಡಿದರು. ಕ್ಯಾನನ್ನು ನೆಟ್ಟಗೆ ನಿಲ್ಲಿಸಿ ಹೋದರು. ಅಂದಿನಿಂದ ನಮ್ಮವ್ವನ ಕೊಡದಂತೆ ಆ ಕ್ಯಾನಿನ ತಳ ಯಾರಿಗೂ ಕಾಣಲಿಲ್ಲ. ಇಳಿದಷ್ಟು ನೀರನ್ನು ದಿನವೂ ಮೇಲಿನಿಂದ ಹಾಕುತ್ತಿದ್ದೆ. ಎಷ್ಟು ಉಳಿಸಿದೆ ನೋಡು ಎಂದು ಒಳಗೊಳಗೇ ಬೀಗುತ್ತಿದ್ದೆ.

ಇನ್ನು ನನ್ನ ಕೋಶಗಳ ವಿಷಯ. ಅವೂ ನನ್ನದೇ ಜಾತಿ, ಅನುಮಾನದ ಜಾತಿ. ಇಲಿಯ ಮೈಯಿಂದ ಎಂದೋ ತೆಗೆದು ಲ್ಯಾಬುಗಳಲ್ಲಿ ಬೆಳೆಸಿಕೊಂಡು ಬಂದ ಕಾವಲು ಕೋಶಗಳು. ಬ್ಯಾಕ್ಟೀರಿಯಾ ಕಂಡರೆ ಅದನ್ನು ನುಂಗುವುದು, ನುಂಗುವ ಮೊದಲು ಗುಲ್ಲೆಬ್ಬಿಸುವುದು ಅವುಗಳ ಕೆಲಸ. ಕೋಶದ ಮೈ ಮೇಲೆ ಮುಟ್ಟಿ ನೋಡುವ ಕೈಗಳಂಥ ಪ್ರೋಟೀನುಗಳಿವೆ. ಆ ಕೈಗಳ ವಿಷಯ ಆಗಿನ್ನೂ ಹೊಸದು, ಓದುವಾಗ ಮೈ ಜುಮ್ಮೆನ್ನುತ್ತಿತ್ತು. ಬ್ಯಾಕ್ಟೀರಿಯಾದ ಹೊರ ಹೊದಿಕೆಯ ಒಂದು ಚೂರು ಆ ಕೈಗೆ ತಾಕಿದರೆ ಸಾಕು, ಸುದ್ದಿ ಒಳಗೆ ಒಂದು ಪ್ರೋಟೀನಿನಿಂದ ಇನ್ನೊಂದಕ್ಕೆ ಓಡುತ್ತದೆ. ಒಳಗೆ ಒಬ್ಬ ಆಸಾಮಿಯನ್ನು ಕಾವಲಿನವನು ಹಿಡಿದು ಕೂರಿಸಿರುತ್ತಾನೆ, ಇಬ್ಬರೂ ಪ್ರೋಟೀನುಗಳೇ. ಸುದ್ದಿ ತಲುಪಿದೊಡನೆ ಕಾವಲಿನವನನ್ನು ಕೋಶವೇ ಮುಗಿಸಿಬಿಡುತ್ತದೆ. ಬಿಡುಗಡೆಯಾದ ಆಸಾಮಿ ನೇರ ಕೋಶಕೇಂದ್ರಕ್ಕೆ ನುಗ್ಗಿ, ಅಲ್ಲಿಯವರೆಗೆ ಸುಮ್ಮನಿದ್ದ ಉರಿಯೂತದ ಜೀನುಗಳ ಮೇಲೆ ಕೂತು ಅವನ್ನು ಎಬ್ಬಿಸುತ್ತಾನೆ. ಆಮೇಲೆ ಆಗುವುದು ನಮಗೆಲ್ಲ ಗೊತ್ತು: ಜ್ವರ, ಬಾವು, ಕೆಂಪು, ನೋವು. ಇಷ್ಟೂ ಶುರುವಾಗಲು ಒಂದು ಊಟದ ಹೊತ್ತು ಸಾಕು.

ನಮ್ಮ ಪರೀಕ್ಷೆ ಸರಳ. ಪ್ಲಾಸ್ಟಿಕ್ ತಟ್ಟೆಯೊಂದರಲ್ಲಿ ಪುಟ್ಟ ಪುಟ್ಟ ಗುಂಡಿಗಳು, ಪ್ರತಿ ಗುಂಡಿಯಲ್ಲೂ ಕೋಶಗಳು, ಮೇಲೆ ಕ್ಯಾನಿನ ನೀರಿನಲ್ಲಿ ಕಲಸಿದ ಅವುಗಳ ಆಹಾರದ ದ್ರವ. ಒಂದು ಗುಂಡಿಗೆ ಬ್ಯಾಕ್ಟೀರಿಯಾದ ಹೊದಿಕೆಯ ಪುಡಿ. ಇನ್ನೊಂದಕ್ಕೆ ಅದೇ ಪುಡಿ ಮತ್ತು ಬೇರಿನ ಸಾರ. ಮೂರನೆಯದಕ್ಕೆ ಏನೂ ಇಲ್ಲ. ಅದು ಸುಮ್ಮನಿರಬೇಕು. ಸುಮ್ಮನಿರುವುದು ಏನೆಂದು ತೋರಿಸುವುದೇ ಅದರ ಕೆಲಸ. ನಾಲ್ಕು ಗಂಟೆಯ ನಂತರ ಯಾವ ಗುಂಡಿಯಲ್ಲಿ ಉರಿಯೂತದ ಜೀನು ಎದ್ದಿದೆ ಎಂದು ನೋಡುತ್ತಿದ್ದೆ. ಎದ್ದಿದ್ದರೆ ಜೆಲ್ ಎಂಬ ಮೆತ್ತನೆಯ ಹಾಳೆಯ ಮೇಲೆ, ಅತಿನೇರಳೆ ದೀಪದ ಕೆಳಗೆ, ಹೊಳೆಯುವ ಪಟ್ಟಿ. ಸುಮ್ಮನಿದ್ದರೆ ಕತ್ತಲೆ.

ಮೇ ತಿಂಗಳಲ್ಲಿ ಮೂರನೆಯ ಗುಂಡಿ ಕತ್ತಲೆಯಾಗಿತ್ತು. ಜುಲೈ ಕೊನೆಗೆ ಅಲ್ಲಿ ಮಸುಕಾದ ಒಂದು ಪಟ್ಟಿ ಕಂಡಿತು. ಆಗಸ್ಟಿನಲ್ಲಿ ಅದು ದಪ್ಪವಾಯಿತು. ಏನೂ ಹಾಕದ ಕೋಶಗಳು ಗುಲ್ಲೆಬ್ಬಿಸುತ್ತಿವೆ. ಸುಮ್ಮನಿರಬೇಕಾದ್ದು ಸುಮ್ಮನಿಲ್ಲದಿದ್ದರೆ ಬೇರಿನ ಸಾರ ಏನು ಮಾಡಿತು ಎಂದು ಹೇಳುವ ಹಾಗೆಯೇ ಇಲ್ಲ. ಕಂಪನಿಯವರು ವಾರಕ್ಕೊಮ್ಮೆ ಫೋನು ಮಾಡಿ ಕೇಳುತ್ತಿದ್ದರು. ಡಾಕ್ಟರು ನನ್ನನ್ನು ಕರೆದು, "ಮಹಾದೇವಿ, ಏನೋ ಕೊಳೆ ಸೇರ್ತಿದೆ. ನೀರು ಸರಿ ಇದೆಯಾ?" ಎಂದು ಕೇಳಿದರು. ಸರಿಯಾದ ಪ್ರಶ್ನೆಯನ್ನೇ ಕೇಳಿದ್ದರು ಪುಣ್ಯಾತ್ಮರು. ನಾನು ಎದೆಯುಬ್ಬಿಸಿ, "ಸರ್, ಕ್ಯಾನಿಂದ ತೆಗೆದ ನೀರು ಹಬೆಯಲ್ಲಿ ಬೇಯುತ್ತೆ, ಆಮೇಲೆ ಫಿಲ್ಟರ್ ಆಗುತ್ತೆ. ಅಗರ್ ಮೇಲೆ ಹಾಕಿ ನೋಡಿದೀನಿ, ಒಂದು ಚುಕ್ಕಿನೂ ಬೆಳೆದಿಲ್ಲ" ಎಂದು, ಬ್ಯಾಕ್ಟೀರಿಯಾ ಇದ್ದರೆ ಚುಕ್ಕಿ ಏಳಬೇಕಿದ್ದ ಖಾಲಿ ತಟ್ಟೆ ತೋರಿಸಿದೆ. ಅವರು ತಟ್ಟೆಯನ್ನು ಬೆಳಕಿಗೆ ಹಿಡಿದು ನೋಡಿ ತಲೆಯಾಡಿಸಿದರು.

ನೀರಲ್ಲ ಎಂದಾದ ಮೇಲೆ ಮನುಷ್ಯರೇ ಇರಬೇಕು. ಮೊದಲು ಪ್ರವೀಣನ ಮೇಲೆ ಕಣ್ಣು ಬಿತ್ತು. ಅವನು ಇಂದಿರಾನಗರದ ಹುಡುಗ, ಸಾರ ತೆಗೆಯುವ ಯಂತ್ರ ನೋಡಿಕೊಳ್ಳುತ್ತಿದ್ದ, ನನಗಿಂತ ಎರಡು ವರ್ಷ ಹಿರಿಯ. ಮಳೆಯ ಚಳಿಗೆ ಮೊಸರು ಹೆಪ್ಪಾಗಲಿಲ್ಲವೆಂದು ತನ್ನ ಡಬ್ಬಿಯನ್ನು ನನ್ನ ಕೋಶಗಳ ಬೆಚ್ಚನೆಯ ಪೆಟ್ಟಿಗೆಯಲ್ಲಿ ಒಮ್ಮೆ ಇಟ್ಟಿದ್ದನ್ನು ಹಿಡಿದಿದ್ದೆ. ಈಗ ಅವನಿಲ್ಲದ ಹೊತ್ತಿನಲ್ಲಿ ಅವನ ಕಪಾಟು ಜಾಲಾಡಿದೆ. ಸಿಕ್ಕಿದ್ದು ಒಂದು ಉಪ್ಪಿನಕಾಯಿ ಬಾಟಲಿ. ಅವನಿಗೆ ಗೊತ್ತಾಗಿಹೋಯಿತು.

"ಏನ್ ಗುರು, ಕಪಾಟೆಲ್ಲ ಚೆಕ್ ಆಗಿದೆ? ನಿನ್ ಸೆಲ್ಸಿಗೆ ಜ್ವರ ಬಂದ್ರೆ ನಾನೇನ್ ಮಾಡ್ಲಿ, ಮಾತ್ರೆ ಕೊಡ್ಲಾ?"

ನಾನು ನಗಲಿಲ್ಲ. ಆ ದಿನಗಳಲ್ಲಿ ನನಗೆ ನಗು ಬರುತ್ತಿರಲಿಲ್ಲ. ಬೆಳಿಗ್ಗೆ ರೈಲ್ವೆ ಗೇಟು ತೆರೆಯುವುದನ್ನು ಕಾಯುತ್ತ ನಿಂತಾಗಲೂ ಮೂರನೆಯ ಗುಂಡಿಯೇ ಕಣ್ಣ ಮುಂದೆ. ಜಿಟಿಜಿಟಿ ಮಳೆ, ಒಣಗದ ಬಟ್ಟೆ, ಯಾರನ್ನು ನೋಡಿದರೂ ಇವರೇ ಇರಬಹುದೇ ಎಂಬ ಯೋಚನೆ. ಕಡೆಗೆ ಅದು ಅಂತೋಣಿಯಮ್ಮನ ಮೇಲೆ ಬಂದು ಕೂತಿತು. ಕೂತದ್ದು ಏಳಲಿಲ್ಲ.

ಬಾಟಲಿಗಳನ್ನು ಸೋಪಿನಲ್ಲಿ ತೊಳೆದ ಮೇಲೆ ಕ್ಯಾನಿನ ನೀರಿನಲ್ಲಿ ಮೂರು ಸಲ ಜಾಲಿಸಬೇಕು. ಅವರು ಮೂರು ಸಲ ಜಾಲಿಸುತ್ತಾರೋ ಎರಡೋ? ಬಾಗಿಲ ಸಂದಿಯಲ್ಲಿ ನಿಂತು ಎಣಿಸಿದೆ. ಕೆಲವು ಬಾಟಲಿಗಳ ತಳಕ್ಕೆ ಪೆನ್ನಿನ ಚುಕ್ಕೆ ಇಟ್ಟು, ತೊಳೆದ ಮೇಲೆ ಹೋಗಿದೆಯೇ ನೋಡಿದೆ. ಒಂದು ದಿನ ಅವರು ಬೆನ್ನು ತಿರುಗಿಸದೆಯೇ ಅಂದರು: "ಎಣಿಸ್ತಾ ಇದೀಯಾ ಮಾ? ಜೋರಾಗಿ ಎಣ್ಸು. ನಂಗೂ ಮರ್ತೋಗಲ್ಲ."

ಆಗಸ್ಟ್ ಕೊನೆಗೆ ಶಿವಾಜಿನಗರದ ಚರ್ಚಿನಲ್ಲಿ ಮಾತೆಯ ಹಬ್ಬ ಬಂತು. ಅಂತೋಣಿಯಮ್ಮ ಹಬ್ಬದ ಹರಕೆಯ ಕಾವಿ ಸೀರೆ ಉಟ್ಟು ಬರತೊಡಗಿದರು. ಒಂಬತ್ತು ದಿನ ಸಂಜೆಯ ಪ್ರಾರ್ಥನೆಗೆಂದು ನಾಲ್ಕು ಗಂಟೆಗೇ ಹೊರಡಲು ಡಾಕ್ಟರ ಅಪ್ಪಣೆ ಪಡೆದಿದ್ದರು. ಆ ಒಂಬತ್ತು ದಿನಗಳಲ್ಲಿ ನಾನು ಎರಡು ಸಲ ಪರೀಕ್ಷೆ ಮಾಡಿದೆ. ಎರಡು ಸಲವೂ ಮೂರನೆಯ ಗುಂಡಿಯ ಪಟ್ಟಿ ಅದುವರೆಗೆ ಕಂಡದ್ದಕ್ಕಿಂತ ದಪ್ಪ. ಬಸ್ಸು ಹಿಡಿಯುವ ಆತುರದಲ್ಲಿ ಜಾಲಿಸದೆ ಹೋಗುತ್ತಿದ್ದಾರೆ, ಇನ್ನೇನು ಬೇಕು? ಎಲ್ಲವೂ ಹೊಂದುತ್ತಿತ್ತು. ಅನುಮಾನಕ್ಕೆ ಒಂದು ಸುಖವಿದೆ, ಎಲ್ಲವೂ ಹೊಂದಿದಾಗ ಆಗುವ ಸುಖ. ಅದನ್ನು ನಾನು ಚೆನ್ನಾಗಿ ಉಂಡೆ. ಹಬ್ಬ ಮುಗಿದು ಬಂದ ಸೋಮವಾರ ಎಲ್ಲರೂ ಸೇರುವ ಹೊತ್ತಿಗೆ ದಿನ, ಹೊತ್ತು, ಪಟ್ಟಿಯ ದಪ್ಪ ಎಲ್ಲ ಬರೆದ ಹಾಳೆ ನನ್ನ ಕೈಯಲ್ಲಿತ್ತು.

ನಾವು ಆರು ಜನ ಮೇಜಿನ ಸುತ್ತ, ಅಂತೋಣಿಯಮ್ಮ ಬಾಗಿಲ ಹತ್ತಿರ ನಿಂತಿದ್ದರು. ನಾನು ಹಾಳೆ ಓದಿದೆ. "ಸರ್, ಗಾಜು ಸರಿಯಾಗಿ ತೊಳೀತಿಲ್ಲ. ಅಂತೋಣಿಯಮ್ಮ ಅರ್ಜೆಂಟಲ್ಲಿ ಮಾಡಿ ಹೋಗ್ತಿದಾರೆ. ಹಬ್ಬದ ದಿನಗಳಲ್ಲಿ ನೋಡಿ, ಹೇಗಾಗಿದೆ."

ಡಾಕ್ಟರು ಅವರ ಕಡೆ ತಿರುಗಿದರು. ಅಂತೋಣಿಯಮ್ಮ ಡಾಕ್ಟರಿಗಲ್ಲ, ನನಗೆ ಹೇಳಿದರು: "ಮಾತಾ ಮೇಲಾಣೆ, ಮೂರು ಸಲ ಜಾಲ್ಸಿದೀನಿ. ನೀನು ಆ ಕ್ಯಾನ್ ಒಳಗೆ ಕೈಯಾಕಿ ನೋಡಿದೀಯಾ ಮಾ? ಸೋಮವಾರ ಸೋಮವಾರ ಚೆಲ್ತಿದ್ನಲ್ಲ, ಸುಮ್ನೆ ಚೆಲ್ತಿರ್ಲಿಲ್ಲ."

"ಮಾತು ಬೇರೆ ಕಡೆ ತಿರುಗಿಸ್ಬೇಡಿ" ಎಂದೆ. "ನೀರು ಬೇಯುತ್ತೆ. ಬೆಂದ ನೀರಲ್ಲಿ ಏನೂ ಬದುಕಿರಲ್ಲ."

"ಬದುಕಿರಲ್ಲ, ಸರಿ ಮಾ" ಎಂದರು. ಅಷ್ಟೇ. ಡಾಕ್ಟರು ಒಳ್ಳೆಯವರು, ಗದರಲಿಲ್ಲ, ಸ್ವಲ್ಪ ದಿನ ಮನೆಯಲ್ಲಿರಿ, ಆಮೇಲೆ ನೋಡೋಣ ಎಂದರು. ಆಮೇಲೆ ನೋಡೋಣ ಎಂದರೆ ಏನೆಂದು ಆ ಕೋಣೆಯಲ್ಲಿ ಎಲ್ಲರಿಗೂ ಗೊತ್ತಿತ್ತು. ಅಂತೋಣಿಯಮ್ಮ ಗುರುತಿನ ಚೀಟಿಯನ್ನು ಕೊರಳಿನಿಂದ ತೆಗೆಯಲು ಹೋದರು. ಅದು ಜಪಸರಕ್ಕೆ ಸಿಕ್ಕಿಕೊಂಡಿತು. ಬಿಡಿಸಿಕೊಳ್ಳಲು ಬಹಳ ಹೊತ್ತು ಹಿಡಿಯಿತು. ಯಾರೂ ಎದ್ದು ಹೋಗಿ ಬಿಡಿಸಲಿಲ್ಲ. ಚೀಟಿಯನ್ನು ನನ್ನ ಹಾಳೆಯ ಮೇಲೆ ಇಟ್ಟು ಹೋದರು.

ಅವರು ಹೋದ ಮೇಲೆ ಗಾಜು ನಾನೇ ತೊಳೆದೆ. ಮೂರು ಸಲವಲ್ಲ, ಹತ್ತು ಸಲ ಜಾಲಿಸಿದೆ. ಕೈ ನೀರಿನಲ್ಲಿ ನೆಂದು ಸುಕ್ಕಾಯಿತು. ವಾರದ ಕೊನೆಗೆ ಜೆಲ್ಲನ್ನು ದೀಪದ ಕೆಳಗೆ ಇಟ್ಟೆ. ಮೂರನೆಯ ಗುಂಡಿಯ ಪಟ್ಟಿ ಅಲ್ಲೇ ಇತ್ತು. ಎರಡನೆಯ ವಾರ ಇನ್ನೂ ದಪ್ಪವಾಗಿತ್ತು.

ಆ ದಿನ ನಾನು ಸಿಂಕಿನ ಮುಂದೆ ಸುಮ್ಮನೆ ನಿಂತೆ. ತೊಳೆದವಳು ನಾನು. ಜಾಲಿಸಿದವಳು ನಾನು. ಇನ್ನು ಅನುಮಾನ ಪಡಲು ಉಳಿದವಳೂ ಒಬ್ಬಳೇ. ಪ್ರವೀಣ ಬಂದು ಹಿಂದೆ ನಿಂತ. ಅವನೂ ಜೆಲ್ ನೋಡಿದ್ದ. ತಮಾಷೆ ಮಾಡುವನೇನೋ ಎಂದು ಕಾದೆ. "ಮೆಡಿಕಲ್ ಶಾಪಲ್ಲಿ ಇಂಜೆಕ್ಷನ್ ನೀರು ಸಿಗುತ್ತಲ್ಲ, ಅದರಲ್ಲಿ ಒಂದ್ಸಲ ಮಾಡಿ ನೋಡು" ಎಂದಷ್ಟೇ ಹೇಳಿ ಹೋದ. ಕೆ.ಆರ್.ಪುರಂ ಸಂತೆ ಬೀದಿಯ ಅಂಗಡಿಯಿಂದ ಒಂದು ಚೀಲ ತುಂಬ ಚಿಕ್ಕ ಬಾಟಲಿಗಳನ್ನು ತಂದೆ. ಅದೇ ನೀರಿನಲ್ಲಿ ಆಹಾರದ ದ್ರವ ಕಲಸಿದೆ. ಪ್ಯಾಕೆಟ್ಟಿನ ಹೊಸ ಪ್ಲಾಸ್ಟಿಕ್ ಬಾಟಲಿ ಬಿಟ್ಟು ತೊಳೆದ ಗಾಜು ಯಾವುದನ್ನೂ ಮುಟ್ಟಲಿಲ್ಲ. ಮೂರು ದಿನದ ನಂತರ ಮೂರನೆಯ ಗುಂಡಿ ಕತ್ತಲೆಯಾಗಿತ್ತು. ಮೇ ತಿಂಗಳಿನಂಥದೇ ಕತ್ತಲೆ.

ಕ್ಯಾನಿನ ಹತ್ತಿರ ಹೋದೆ. ಅದು ಕಿಟಕಿಯ ಕೆಳಗೆ, ನಾನೇ ಇಟ್ಟ ಜಾಗದಲ್ಲಿತ್ತು. ನೀರು ನೋಡಲು ಗಾಜಿನಷ್ಟು ತಿಳಿ. ತೋಳು ಮಡಚಿ ಕೈ ಇಳಿಬಿಟ್ಟು ಒಳಗಿನ ಗೋಡೆ ಮುಟ್ಟಿದೆ. ಜಾರಿತು. ಕಣ್ಣಿಗೆ ಕಾಣದ, ಲೋಳೆಯಂಥ ಪದರ. ಬೆರಳು ಸುತ್ತಿಸಿದಲ್ಲೆಲ್ಲ ಜಾರಿತು. ಬಟ್ಟಿ ಇಳಿಸಿದ ನೀರಿನಲ್ಲೂ ಬದುಕುವ ಬಡ ಬ್ಯಾಕ್ಟೀರಿಯಾಗಳಿವೆ. ಜೂನಿನಿಂದ ಅವುಗಳಿಗೆ ನಾನು ದಿನಕ್ಕಿಷ್ಟು ನೀರು ಹಾಕಿ ಸಾಕಿದ್ದೆ. ಹಬೆಯಲ್ಲಿ ಬೇಯಿಸಿದಾಗ ಅವು ಸಾಯುತ್ತಿದ್ದವು, ನಿಜ. ಆದ್ದರಿಂದಲೇ ಅಗರ್ ಮೇಲೆ ಚುಕ್ಕಿ ಬೆಳೆಯಲಿಲ್ಲ. ಆದರೆ ಸತ್ತ ಬ್ಯಾಕ್ಟೀರಿಯಾದ ಹೊದಿಕೆ ಆ ಹಬೆಗೆಲ್ಲ ಜಗ್ಗುವುದಲ್ಲ. ಫಿಲ್ಟರಿನ ತೂತಿನಲ್ಲಿ ನುಸುಳಿ ಹೋಗುವಷ್ಟು ಸಣ್ಣದು. ಕೋಶದ ಕೈಗಳು ಬದುಕಿದೆಯೋ ಸತ್ತಿದೆಯೋ ಎಂದು ಕೇಳುವುದಿಲ್ಲ, ಹೊದಿಕೆ ತಾಕಿದರೆ ಸಾಕು. ಇದನ್ನು ನಾನು ಎಂ.ಎಸ್ಸಿ.ಯಲ್ಲಿ ಓದಿದ್ದೆ. ಪರೀಕ್ಷೆಯಲ್ಲಿ ಎರಡು ಪುಟ ಬರೆದು ಒಳ್ಳೆಯ ಅಂಕ ತೆಗೆದಿದ್ದೆ.

ಕೋಶಗಳ ಅನುಮಾನ ಸರಿಯಾಗಿತ್ತು. ಎರಡು ತಿಂಗಳು ಅವು ಒಂದೇ ಮಾತು ಹೇಳುತ್ತಿದ್ದವು, ನಾನು ಮನುಷ್ಯರನ್ನು ಹುಡುಕುತ್ತಿದ್ದೆ. ನಾಚಿಕೆಯಾಯಿತು ಎಂದರೆ ಕಡಿಮೆ. ಆ ಕ್ಯಾನಿನ ಪಕ್ಕ ನೆಲದ ಮೇಲೆ ಕೂತು ಅತ್ತೆ.

ಡಾಕ್ಟರ ಕೋಣೆಗೆ ಹೋಗಿ ಬಾಗಿಲು ಹಾಕಿ ಎಲ್ಲ ಹೇಳಿದೆ. ಅವರು ಬೈಯಲಿಲ್ಲ. "ಕಾರಣ ಸಿಕ್ತಲ್ಲ, ಬಿಡಿ. ನೀರಿನ ತೊಂದರೆ ಅಂತ ಬರೆದಿಡೋಣ. ಅಂತೋಣಿಯಮ್ಮಂಗೆ ಬರೋಕೆ ಹೇಳಿ" ಎಂದರು. ನೀರಿನ ತೊಂದರೆ. ಯಾರ ಹೆಸರೂ ಇಲ್ಲದ ತೊಂದರೆ. ನನಗೆ ಹಾಯೆನಿಸಿತು, ಅದನ್ನೂ ಹೇಳಬೇಕು.

ಆ ಭಾನುವಾರ ಗುರುತಿನ ಚೀಟಿ ತೆಗೆದುಕೊಂಡು ಹಲಸೂರಿಗೆ ಹೋದೆ. ಮಾರ್ಕೆಟ್ಟಿನ ಹಿಂದಿನ ಓಣಿ, ಎರಡು ಕೋಣೆಯ ಮನೆ. ಅಂತೋಣಿಯಮ್ಮ ಪೂಜೆ ಮುಗಿಸಿ ಚರ್ಚಿನಿಂದ ಬಂದು ಹೊಸಿಲಲ್ಲಿ ಕೂತು ಕೊತ್ತಂಬರಿ ಬಿಡಿಸುತ್ತಿದ್ದರು. ಕೊತ್ತಂಬರಿ ಎತ್ತಿಕೊಂಡು ಒಳಗೆ ಕರೆದರು. ಸ್ಟೀಲ್ ಲೋಟದಲ್ಲಿ ನೀರು ತಂದು ನನ್ನ ಮುಂದೆ ಹಿಡಿದು, "ನೋಡ್ಕೊಂಡು ಕುಡಿ ಮಾ" ಎಂದರು. ಗಟಗಟ ಕುಡಿದುಬಿಟ್ಟೆ.

ಕ್ಯಾನಿನ ಸಂಗತಿ ಹೇಳಿದೆ. ಅವರಿಗೆ ಆಶ್ಚರ್ಯವಾಗಲಿಲ್ಲ. "ನಿಮಗೆ ಹೇಗೆ ಗೊತ್ತಿತ್ತು?" ಎಂದು ಕೇಳಿದೆ.

"ಲ್ಯಾಬಿಗೆ ಬರೋಕ್ ಮುಂಚೆ ನರ್ಸಿಂಗ್ ಹೋಮಲ್ಲಿದ್ದೆ. ಗಾಜಿನ ಸಿರಿಂಜ್ ಬೇಯಿಸೋ ಕೆಲಸ. ಹಳೇ ನೀರಲ್ಲಿ ಬೇಯ್ಸಿದ್ರೆ ಪೇಷಂಟಿಗೆ ಚಳಿಜ್ವರ ಬರುತ್ತೆ, ಎಷ್ಟು ಬೇಯ್ಸಿದ್ರೂ ಬರುತ್ತೆ ಅಂತ ಅಲ್ಲಿ ಸಿಸ್ಟರ್ ಹೇಳೋರು. ಯಾಕೆ ಅಂತ ಅವ್ರು ಹೇಳ್ಳಿಲ್ಲ, ನಾನು ಕೇಳ್ಳಿಲ್ಲ. ಬೆಳಗ್ಗೆ ಹೋದ ತಕ್ಷಣ ಪಾತ್ರೆಗೆ ಬೆರಳು ಹಾಕೋದು, ಜಾರಿದ್ರೆ ಚೆಲ್ಲೋದು."

ನಾನು ಚೀಟಿ ತೆಗೆದು ಅವರ ಮುಂದಿಟ್ಟೆ. "ಡಾಕ್ಟರು ಬರೋಕೆ ಹೇಳಿದಾರೆ. ತಪ್ಪಾಯ್ತು ಅಂತೋಣಿಯಮ್ಮಾ."

ಅವರು ಚೀಟಿ ಮುಟ್ಟಲಿಲ್ಲ. "ಇದನ್ನ ಅಲ್ಲಿ ಎಲ್ಲಾರಿಗೂ ಹೇಳ್ದಾ?"

"ಡಾಕ್ಟರಿಗೆ ಹೇಳಿದೀನಿ."

"ಬಾಗ್ಲು ಹಾಕ್ಕೊಂಡಾ?"

ನಾನು ಖಾಲಿ ಲೋಟವನ್ನು ನೆಲದ ಮೇಲಿಟ್ಟೆ.

"ನನ್ ಹೆಸ್ರು ಹೇಳುವಾಗ ಬಾಗ್ಲು ತೆಗ್ದಿತ್ತು ಮಾ. ಆರು ಜನ ಇದ್ರು. ಈ ಓಣಿಯಲ್ಲಿ ಎಲ್ಲಾರೂ ಕೇಳ್ತಾರೆ, ಯಾಕೆ ಅಂತೋಣಿಯಮ್ಮ ಮನೇಲಿದಾಳೆ, ಏನ್ ಮಾಡಿದ್ಲು ಅಂತ. ತೊಳೆಯೋಕೆ ಬರಲ್ಲ ಅಂತ ಕಳ್ಸಿದ್ರು ಅಂತ ಹೇಳ್ಲಾ? ಮೂವತ್ತು ವರ್ಷದಿಂದ ತೊಳೆಯೋದೇ ಕೆಲ್ಸ ನಂದು." ಅವರ ದನಿ ಏರಲಿಲ್ಲ. ಕೊತ್ತಂಬರಿಯ ಕಡ್ಡಿಗಳನ್ನು ಒಂದು ಕಡೆ, ಎಲೆಗಳನ್ನು ಒಂದು ಕಡೆ ಮಾಡುತ್ತಲೇ ಇದ್ದರು. "ಅದೇ ಮೇಜು, ಅದೇ ಸೋಮವಾರ. ಹೇಳು. ಆಮೇಲೆ ಬರ್ತೀನಿ."

ಚೀಟಿ ವಾಪಸ್ಸು ನನ್ನ ಚೀಲಕ್ಕೆ ಬಂತು.

ಮರುದಿನ ಮೇಜಿನ ಸುತ್ತ ಎಲ್ಲರೂ ಕೂತ ಮೇಲೆ ಡಾಕ್ಟರು, "ನೀರಿನ ತೊಂದರೆ ಪತ್ತೆಯಾಗಿದೆ" ಎಂದು ಆರಂಭಿಸಿದರು. ನಾನು ಎದ್ದು ನಿಂತೆ. "ನೀರಿನ ತೊಂದರೆ ಅಲ್ಲ ಸರ್. ಅಂತೋಣಿಯಮ್ಮ ವಾರಕ್ಕೊಂದ್ಸಲ ಕ್ಯಾನ್ ಚೆಲ್ಲಿ ಉಜ್ಜುತ್ತಿದ್ರು. ನಾನು ಬಿಡಿಸಿದೆ. ತಪ್ಪು ನಂದು. ಅವರು ಹೇಳಿದ್ರು, ನಾನು ಕೇಳ್ಲಿಲ್ಲ. ಅವರು ತೊಳೆದಿದ್ದು ಸರಿಯಾಗೇ ಇತ್ತು." ಪ್ರವೀಣ ಮೇಜು ನೋಡುತ್ತಿದ್ದ. ಯಾರೋ ಕೆಮ್ಮಿದರು. ಸಂಜೆ ಪ್ರವೀಣನೇ ನನ್ನ ಕೈಯಿಂದ ಚೀಟಿ ಇಸಿದುಕೊಂಡು ಹಲಸೂರಿಗೆ ಸ್ಕೂಟರಿನಲ್ಲಿ ಹೋಗಿ ಕೊಟ್ಟು ಬಂದ, ನಾನು ಹೇಳದೆಯೇ.

ಮುಂದಿನ ಸೋಮವಾರ ಅಂತೋಣಿಯಮ್ಮ ಬಂದರು. ಚೀಟಿ ಸೆರಗಿನ ಮೇಲಿತ್ತು. ಸಿಂಕಿನ ಹತ್ತಿರ ನಿಂತು, "ಕ್ಯಾನ್ ನೀನೇ ನೋಡ್ಕೋತೀನಿ ಅಂದಿದ್ಯಲ್ಲ, ನೋಡ್ಕೋ. ಚೆಲ್ಲು" ಎಂದರು. ನಾನು ಕ್ಯಾನು ಎತ್ತಿದೆ. ತಿಳಿ ನೀರು ಧೋ ಎಂದು ಚರಂಡಿಗೆ ಹೋಗುವಾಗ ನಮ್ಮವ್ವ ಪಕ್ಕದಲ್ಲೇ ನಿಂತು ನೋಡುತ್ತಿದ್ದಾಳೆ ಎನಿಸಿತು. ಬ್ರಷ್ಷು ಹಾಕಿ ಉಜ್ಜಿದೆ, ಜಾಲಿಸಿದೆ. ಅಂತೋಣಿಯಮ್ಮ ಬಂದು ಬೆರಳು ಹಾಕಿ ಒಳಗೆಲ್ಲ ಎಳೆದು, ಸೆರಗಿಗೆ ಒರೆಸಿಕೊಂಡು, "ಸರಿ" ಎಂದರು.

ಅಲ್ಲಿಂದ ಪ್ರತಿ ಸೋಮವಾರ ಇದೇ. ನಾನು ಚೆಲ್ಲಿ ತೊಳೆಯುವುದು, ಅವರು ಬೆರಳು ಹಾಕಿ ನೋಡುವುದು. ಜೊತೆಗೆ ಚಹಾ ಕುಡಿಯುತ್ತಿದ್ದೆವು, ನನ್ನ ಮದುವೆಗೆ ಅವರು ಲಿಂಗಸೂಗೂರಿನವರೆಗೆ ಬಂದು ಹೋಳಿಗೆ ಉಂಡು ಹೋದರು, ಅವರ ಮಗಳ ಹೆರಿಗೆಯಲ್ಲಿ ನಾನು ಆಸ್ಪತ್ರೆಯಲ್ಲಿ ಕೂತಿದ್ದೆ. ಆದರೆ 'ನೀನು ಚೆನ್ನಾಗೇ ತೊಳೆದಿರ್ತೀಯ, ಬಿಡು ಮಾ' ಎಂಬ ಮಾತು ಅವರ ಬಾಯಲ್ಲಿ ಒಂದು ಸೋಮವಾರವೂ ಬರಲಿಲ್ಲ. ಮೂರನೆಯ ಗುಂಡಿ ಮತ್ತೆ ಎಂದೂ ಗುಲ್ಲೆಬ್ಬಿಸಲಿಲ್ಲ. ಬೇರಿನ ಸಾರದಲ್ಲಿ ಹೇಳಿಕೊಳ್ಳುವಂಥದ್ದೇನೂ ಇರಲಿಲ್ಲ ಎಂದೂ ಗೊತ್ತಾಯಿತು.

ಮೂರು ವರ್ಷದ ನಂತರ ಶೆಡ್ಡಿನವರು ಜಾಗವನ್ನು ಯಾವುದೋ ಆಫೀಸು ಕಟ್ಟುವವರಿಗೆ ಮಾರಿದರು. ಲ್ಯಾಬು ಮುಚ್ಚಿತು. ಕೊನೆಯ ದಿನ ಸೋಮವಾರವೇ ಆಗಿತ್ತು. ಯಂತ್ರಗಳೆಲ್ಲ ಹೋಗಿದ್ದವು. ಕ್ಯಾನನ್ನು ಪ್ರವೀಣ ತನ್ನ ಮನೆಯ ಗಿಡಕ್ಕೆ ನೀರು ಹಾಕಲು ಕೇಳಿದ್ದ. ಕೈ ಸುಮ್ಮನಿರದೆ ನಾನು ಅದನ್ನು ಚೆಲ್ಲಿ, ಉಜ್ಜಿ, ಜಾಲಿಸಿ ಇಟ್ಟೆ. ಇವತ್ತಾದರೂ ಅಂತೋಣಿಯಮ್ಮ ನೋಡದೆ ಸರಿ ಎನ್ನುತ್ತಾರೆ, ಇಷ್ಟು ವರ್ಷದಲ್ಲಿ ಅಷ್ಟು ನಂಬಿಕೆ ಗಳಿಸಿದ್ದೇನೆ ಎಂದು ಆಸೆಯಾಗಿತ್ತು. ಅವರು ಕೊರಳಿನ ಚೀಟಿ ತೆಗೆದು ಡಾಕ್ಟರಿಗೆ ಕೊಟ್ಟು ಬಂದರು. ಸೆರಗು ಸೊಂಟಕ್ಕೆ ಸಿಕ್ಕಿಸಿಕೊಂಡರು. ಕ್ಯಾನನ್ನು ಬೆಳಕಿಗೆ ತಿರುಗಿಸಿ, ಬೆರಳು ಒಳಗೆ ಬಿಟ್ಟು, ತಳದಿಂದ ಬಾಯಿಯವರೆಗೆ ನಿಧಾನವಾಗಿ ಎಳೆದರು.

"ಕತ್ತಿನ ಹತ್ರ ಬಿಟ್ಟಿದೀಯ ಮಾ. ಇನ್ನೊಂದ್ಸಲ ತೊಳಿ."

ಗಿಡಕ್ಕೆ ನೀರು ಹಾಕುವ ಕ್ಯಾನು ಅದು. ನಾನು ಅದನ್ನು ಸಿಂಕಿಗೆ ಒಯ್ದು ಇನ್ನೊಂದು ಸಲ ತೊಳೆದೆ.